ಬಿದ್ದವನಿಗೆ ಹೊಡೆಯಲ್ಲ

ನನಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ ಅಂತ ಮನೇಲಿ ಹೇಳ್ತಾರೆ. ಸುಳ್ಳು. ನನ್ನ ಸಿಟ್ಟು ಇರೋದು ಮಣಿಕಟ್ಟಲ್ಲಿ. ತಲೆಗೆ ಗೊತ್ತಾಗೋಕೆ ಮುಂಚೆ ಕೈಗೆ ಗೊತ್ತಾಗಿರುತ್ತೆ. ಟೈರ್ ಅಂಗಡೀಲಿ ಸುತ್ತಿಗೆ ಬೀಸೋನು ನಾನು, ಮಂಜುಗಡ್ಡೆ ಮೇಲೆ ಆಡೋ ಐಸ್ ಹಾಕೀಲಿ ಕೋಲು ಬೀಸೋದೂ ಹಾಗೇ. ಅದಕ್ಕೇ ಟೀಮಲ್ಲಿ ನನ್ನನ್ನ ಸುತ್ತಿಗೆ ಅಂತ ಕರೀತಿದ್ದರು. ನಮ್ಮಣ್ಣ ಅದೇ ಟೀಮಿನ ಗೋಲ್‌ಕೀಪರ್. ಅವನ ಹೆಸರು ಗೋಡೆ. ಹನ್ನೊಂದು ವರ್ಷ ಬಲೆ ಮುಂದೆ ನಿಂತಿದ್ದ. ಆ ಗೋಡೆ ಕೆಡವಿದ್ದು ಎದುರು ಟೀಮಿನವರಲ್ಲ, ನಾನು.

ಹೇಗೆ ಅಂತ ಹೇಳಿಬಿಡ್ತೀನಿ, ಮುಚ್ಚಿಡೋಕೆ ಏನಿದೆ, ಊರಿಗೆಲ್ಲ ಗೊತ್ತಿರೋದೇ. ನಮ್ಮಾಟದಲ್ಲಿ ಚೆಂಡಿಲ್ಲ. ಕರೀ ರಬ್ಬರಿನ ಬಿಲ್ಲೆ, ಅಂಗೈ ಅಗಲ, ಕಲ್ಲಿನಷ್ಟು ಗಟ್ಟಿ. ಕೀಪರ್ ಕುಡಿಯೋ ನೀರಿನ ಬಾಟಲಿ ಬಲೆಯ ಮೇಲೇ ಇರುತ್ತೆ. ಸೀಟಿ ಊದಿದ ಮೇಲೆ ಅವನು ಮಾಸ್ಕ್ ಎತ್ತಿ ಎರಡು ಗುಟುಕು ಕುಡೀತಾನೆ. ಆ ಎರಡು ಗುಟುಕಿನ ಹೊತ್ತಲ್ಲಿ ಬಲೆ ಕಡೆ ಯಾರೂ ಬಿಲ್ಲೆ ಹೊಡೆಯಲ್ಲ. ಎಂಥ ಕಟುಕನೂ ಹೊಡೆಯಲ್ಲ. ಇದನ್ನ ಯಾರೂ ಎಲ್ಲೂ ಬರೆದಿಟ್ಟಿಲ್ಲ, ಬರೆಯೋ ಅಗತ್ಯಾನೂ ಬಂದಿರಲಿಲ್ಲ.

ಅವತ್ತು ಅಭ್ಯಾಸದಲ್ಲಿ ಇಪ್ಪತ್ತು ಸಲ ಹೊಡೆದೆ. ಇಪ್ಪತ್ತನ್ನೂ ಅಣ್ಣ ತಡೆದ. ತಡೆದು ಸುಮ್ಮನಿರ್ತಾನಾ? "ಲೇ, ಇದು ಸುತ್ತಿಗೆ ಅಲ್ಲ ಕಣೋ, ಚಮಚ!" ಅಂದ. ಟೀಮೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿತು. ಸೀಟಿ ಆಯ್ತು. ಅಣ್ಣ ಬೆನ್ನು ತಿರುಗಿಸಿ, ಮಾಸ್ಕ್ ಎತ್ತಿ, ಬಾಟಲಿಗೆ ಕೈ ಚಾಚಿದ. ಆ ಬಾಟಲಿ ಹಾರಿಸಿಬಿಟ್ಟರೆ ಇವರ ನಗು ನಿಲ್ಲುತ್ತೆ ಅಂತ ನನ್ನ ಮಣಿಕಟ್ಟಿಗೆ ಅನ್ನಿಸಿತು. ಹೊಡೆದೆ. ಅದೇ ಗಳಿಗೆಗೆ ಅಣ್ಣ ಇನ್ನೇನೋ ತಮಾಷೆ ಹೇಳೋಕೆ ನನ್ನ ಕಡೆ ತಿರುಗಿದ. ಬಿಲ್ಲೆ ಅವನ ಬಲಗಣ್ಣಿಗೆ ಬಿತ್ತು. ಒದ್ದೆ ಬಟ್ಟೆಯನ್ನ ಕಲ್ಲಿಗೆ ಬಡಿದ ಹಾಗೆ ಸದ್ದಾಯ್ತು. ಬಾಟಲಿ ಇದ್ದಲ್ಲೇ ಇತ್ತು.

ಅಣ್ಣ ಮಂಡಿ ಊರಿದ, ಆಮೇಲೆ ಪೂರ್ತಿ ಬಿದ್ದ. ಮಂಜುಗಡ್ಡೆ ಮೇಲೆ ರಕ್ತ ದೂರ ಹರಿಯಲ್ಲ, ಬಿದ್ದಲ್ಲೇ ಹೆಪ್ಪುಗಟ್ಟುತ್ತೆ. ಅದನ್ನ ಐಸ್ ಮೈದಾನದ ಕೆಲಸದವರು ಸಲಾಕೆಯಿಂದ ಕೆರೆದು ತೆಗೆದರು. ಕಣ್ಣನ್ನ ಆಸ್ಪತ್ರೆಯವರು ತೆಗೆದರು.

ಅಣ್ಣ ಬಸ್ ಓಡಿಸ್ತಿದ್ದ. ಒಂಟಿ ಕಣ್ಣಿನವನ ಕೈಗೆ ಯಾರು ಸ್ಟೀರಿಂಗ್ ಕೊಡ್ತಾರೆ? ಡಿಪೋದಲ್ಲಿ ಬಸ್ ತೊಳೆಯೋಕೆ ಹಾಕಿದರು. ನಮ್ಮದು ಒಂದೇ ಮನೆ, ಮಹಡೀಲಿ ಅಣ್ಣ ಅತ್ತಿಗೆ, ಕೆಳಗೆ ನಾನು. ನಾಲ್ಕು ತಿಂಗಳು ನನ್ನ ಜತೆ ಮಾತಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಮುಖ ಮಾಡಿ ದಾರಿ ಬಿಡೋನು. ಬಾಯಿಗೆ ಬಂದ ಹಾಗೆ ಬೈದಿದ್ದರೆ, ಎರಡು ಬಾರಿಸಿದ್ದರೆ ನಾನು ಬದುಕ್ಕೊಳ್ತಿದ್ದೆ. ಆ ದಾರಿ ಬಿಡೋದಿದೆಯಲ್ಲ, ಅದು ನನ್ನನ್ನ ಕೊಂದುಹಾಕಿತು. ನಾನು ಕೋಲು ಮುಟ್ಟೋದೇ ಬಿಟ್ಟೆ.

ಒಂದು ಮಧ್ಯಾಹ್ನ ಅಂಗಡಿಗೆ ಬಂದ. ನಾನು ಲಾರಿ ಚಕ್ರ ಬಿಚ್ಚುತ್ತಾ ಕೂತಿದ್ದೆ. ಬೂಟು ನೋಡಿಯೇ ಗೊತ್ತಾಯ್ತು, ತಲೆ ಎತ್ತೋ ಧೈರ್ಯ ಬರಲಿಲ್ಲ.

"ಎರಡನೇ ಕೀಪರ್ ಬಿಟ್ಟುಹೋದ," ಅಂದ. "ಬಲೆಗೆ ಯಾರೂ ಇಲ್ಲ. ನೀನು ನಿಲ್ಲು."

"ನಾನಾ? ನಾನು ಹೊಡೆಯೋನು ಕಣಣ್ಣ."

"ಗೊತ್ತು, ಹೊಡೆಯೋನು." ಅಣ್ಣನ ದನಿ ಸಣ್ಣಗೆ, ತಣ್ಣಗೆ ಇತ್ತು. "ಅದಕ್ಕೇ ಹೇಳ್ತಿರೋದು, ನಿಲ್ಲು. ನಾನು ತಯಾರು ಮಾಡ್ತೀನಿ. ಮೂರು ಪಾಳಿ, ಅರವತ್ತು ನಿಮಿಷ, ಕಾಲು ಸೋಲದೆ ನಿಂತೆ ಅಂದ್ರೆ, ಅವತ್ತು ಮ್ಯಾಚ್ ಮುಗಿದ ಮೇಲೆ ಬಲೆ ಮುಂದೆ ಮಾಸ್ಕ್ ಎತ್ತಬೇಕು. ಕೈ ಕೆಳಗೆ. ನಾನು ಒಂದು ಬಿಲ್ಲೆ ಹೊಡೀತೀನಿ. ಒಂದೇ."

ಆಗ ತಲೆ ಎತ್ತಿದೆ. "ಈಗಲೇ ಹೊಡಿ. ಅಷ್ಟು ದಿನ ಯಾಕೆ?"

"ನೀನೀಗ ಬಿದ್ದುಹೋಗಿರೋನು," ಅಂದ ಅಣ್ಣ. "ಬಿದ್ದವನಿಗೆ ನಾನು ಹೊಡೆಯಲ್ಲ. ನಾಳೆ ಬೆಳಗ್ಗೆ ಆರಕ್ಕೆ ಬಾ."

ಬೇಡ ಅನ್ನಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ಅನ್ನಬಹುದಿತ್ತು. ಆದರೆ ನಾಲ್ಕು ತಿಂಗಳ ಮೇಲೆ ಅಣ್ಣ ನನ್ನ ಹತ್ತಿರ ಬಾಯಿ ಬಿಟ್ಟಿದ್ದ ಮಾರಾಯ್ರೇ. ಅವನು ಕೇಳಿದ್ದು ಕಣ್ಣಾಗಲಿ, ಕತ್ತಾಗಲಿ, ಕೊಡದೇ ಇರೋಕೆ ಆಗ್ತಿತ್ತಾ? ಆರಕ್ಕೆ ಹೋದೆ.

ಕೀಪರ್ ಅಂದ್ರೆ ಸುಮ್ಮನೆ ನಿಂತಿರೋ ಕೆಲಸ, ಅವನಿಗೆ ಸ್ಕೇಟಿಂಗ್ ಯಾಕೆ ಅಂತ ನಾನೂ ಅಂದ್ಕೊಂಡಿದ್ದೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಹೊಡೆಯೋನು ಮುಕ್ಕಾಲು ನಿಮಿಷ ದಡದಡ ಓಡ್ತಾನೆ, ಬೆಂಚಲ್ಲಿ ಕೂತು ಉಸಿರು ತಗೋತಾನೆ. ಕೀಪರಿಗೆ ಬೆಂಚಿಲ್ಲ. ಮೈಮೇಲೆ ಇಪ್ಪತ್ತು ಕಿಲೋ ಪ್ಯಾಡು, ಸೊಂಟ ಬಗ್ಗಿಸಿ, ಮಂಡಿ ಮಡಿಚಿ, ಎಡಗಂಬದಿಂದ ಬಲಗಂಬಕ್ಕೆ, ಬಲಗಂಬದಿಂದ ಮುಂದಕ್ಕೆ, ಮತ್ತೆ ಹಿಂದಕ್ಕೆ. ನಾಲ್ಕು ಹೆಜ್ಜೆ ಜಾಗದಲ್ಲಿ ಮೈಲಿಗಟ್ಟಲೆ ಜಾರಬೇಕು. ಮೊದಲ ದಿನ ಹತ್ತನೇ ನಿಮಿಷಕ್ಕೆ ಮಾಸ್ಕಿನೊಳಗೇ ವಾಂತಿ ಮಾಡ್ಕೊಂಡೆ. ಅಣ್ಣ ಮೈದಾನದ ಬೇಲಿ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತಿದ್ದ. "ಒರೆಸ್ಕೋ. ಮತ್ತೆ ಮೊದಲಿಂದ," ಅಂದ.

ಮಂಡಿ ಊರಿ ಎರಡೂ ಕಾಲು ಅಗಲಿಸಿ ಕೆಳಗಿನ ಜಾಗ ಮುಚ್ಚಬೇಕು, ತಕ್ಷಣ ಎದ್ದೇಳಬೇಕು. ಕೈ ಊರಬಾರದು. ಊರಿದರೆ ಅಣ್ಣನ ಕೋಲು ಬೆರಳ ಮೇಲೆ ಬೀಳ್ತಿತ್ತು. ಇಪ್ಪತ್ತು ಸಲ, ಮೂವತ್ತು ಸಲ, ಐವತ್ತು ಸಲ. ಸುಸ್ತಾಗಿ ಬಲೆಯ ಕಂಬಿಗೆ ಒರಗಿದರೆ ಬಿಲ್ಲೆ ಎಸೆಯೋನು, ಪ್ಯಾಡಿಲ್ಲದ ಜಾಗವೇ ಹುಡುಕಿ, ತೋಳಿನ ಹಿಂದೆ, ಮೊಣಕಾಲ ಹಿಂದೆ. ಆ ಒಂಟಿ ಕಣ್ಣಲ್ಲಿ ಗುರಿ ತಪ್ಪಿ ನಾಲ್ಕು ವ್ಯರ್ಥ ಆಗೋವು, ಐದನೇದು ಬೀಳೋದು. ಸಂಜೆ ಸ್ನಾನಕ್ಕೆ ಹೋದರೆ ಮೈಯೆಲ್ಲ ಬದನೆಕಾಯಿ ಬಣ್ಣ. ಅಂಗಡಿಯಲ್ಲಿ ಎರಡು ಟೈರ್ ಹೆಗಲಿಗೆ ಹಾಕ್ಕೊಂಡು ಮೂರನೇ ಮಹಡಿವರೆಗೆ ಮೆಟ್ಟಿಲು ಹತ್ತಿ ಇಳೀತಿದ್ದೆ. ಅದೂ ಅವನ ಅಪ್ಪಣೆಯೇ. "ಏನಪ್ಪಾ, ಟೈರಿಗೆ ಊರು ತೋರಿಸ್ತಿದ್ದೀಯಾ?" ಅಂತ ಗಿರಾಕಿಗಳು ನಗೋರು.

ಬಾಟಲಿ ಬಲೆಯ ಮೇಲೆ ಇಡ್ತಿದ್ದ, ತುಂಬಿಸಿ. ಮುಟ್ಟೋ ಹಾಗಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಹೊರಗಿನ ನಲ್ಲೀಲಿ ಕುಡೀಬೇಕು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರೋದು, ತಲೆ ಹಿಂದೇನೇ ನೀರು.

ಇನ್ನೊಂದು ಕಲಿಸಿದ. ಕೀಪರಿಗೆ ಬಲೆ ಕಾಣಲ್ಲ, ಅದು ಬೆನ್ನ ಹಿಂದೆ. ಕೋಲಿನ ತುದಿಯಿಂದ ಕಂಬ ತಟ್ಟಿ ತಾನೆಲ್ಲಿದ್ದೀನಿ ಅಂತ ತಿಳ್ಕೋಬೇಕು. ಎಡಕ್ಕೆ ಟಕ್, ಬಲಕ್ಕೆ ಟಕ್. ಕಾಲು ಸೋತಾಗ ಮೊದಲು ನಿಲ್ಲೋದು ಇದೇ. ಸೋತವನು ಅಂದಾಜಿನ ಮೇಲೆ ನಿಲ್ತಾನೆ, ಒಂದು ಗೇಣು ಪಕ್ಕಕ್ಕೆ ಸರಿದಿರ್ತಾನೆ, ಬಿಲ್ಲೆ ಆ ಗೇಣಲ್ಲೇ ನುಗ್ಗುತ್ತೆ. "ನಾನು ನೋಡೋದೇ ಬೇಡ," ಅಂತಿದ್ದ ಅಣ್ಣ. "ಆ ಸದ್ದು ನಿಂತ ತಕ್ಷಣ ಗೊತ್ತಾಗುತ್ತೆ, ನಿನ್ನ ಕಾಲು ಸತ್ತಿದೆ ಅಂತ."

ಮೊದಲ ಮ್ಯಾಚಲ್ಲಿ ಎರಡನೇ ಪಾಳಿಗೇ ಸದ್ದು ನಿಂತಿತು. ಆರು ಗೋಲು ತಿಂದೆ. ಜನ ಖಾಲಿ ಲೋಟ ಎಸೆದರು. ಮುಗಿದ ಮೇಲೆ ಅಣ್ಣ ಬಾಗಿಲ ಹತ್ತಿರ ನಿಂತಿದ್ದ. "ಇವತ್ತು ಬೇಡ," ಅಂತಷ್ಟೇ ಹೇಳಿ ಹೋದ. ಮುಂದಿನ ಮ್ಯಾಚಲ್ಲಿ ಮೂರನೇ ಪಾಳಿಯ ಹತ್ತು ನಿಮಿಷದವರೆಗೆ ನಿಂತೆ. "ಇವತ್ತು ಬೇಡ." ಅದರ ಮುಂದಿನದರಲ್ಲಿ ಕೊನೇ ನಾಲ್ಕು ನಿಮಿಷ ಇರುವಾಗ ತೊಡೆ ಹಿಡ್ಕೊಂಡು, ಮಂಡಿ ಊರಿದವನಿಗೆ ಮೇಲೇಳೋಕೆ ಆಗಲಿಲ್ಲ. ಒಬ್ಬ ಬಂದು ನನ್ನ ತಲೆ ಮೇಲಿಂದ ಆರಾಮಾಗಿ ಬಿಲ್ಲೆ ಎತ್ತಿ ಹಾಕಿದ. "ಇವತ್ತೂ ಬೇಡ." ಥೂ, ಆ ಮಾತು ಕೇಳಿದಾಗಲೆಲ್ಲ ಬದುಕಿದೆ ಅಂತ ಒಂದು ಉಸಿರು, ನಾಚಿಕೆ ಅಂತ ಇನ್ನೊಂದು ಉಸಿರು. ನನ್ನ ಕಾಲು ಗಟ್ಟಿಯಾದಷ್ಟೂ ನನ್ನ ಕಣ್ಣಿಗೆ ಗಂಡಾಂತರ ಹತ್ತಿರ ಬರ್ತಿತ್ತು. ಬೇಕಂತಲೇ ನಿಧಾನ ಮಾಡಬಹುದಿತ್ತು. ಒಂದು ದಿನವೂ ಮಾಡಲಿಲ್ಲ, ಇದನ್ನ ಮಾತ್ರ ಎದೆ ತಟ್ಟಿ ಹೇಳ್ತೀನಿ.

ಆ ವರ್ಷದ ಕೊನೇ ಮ್ಯಾಚಿಗೆ ಮೂರು ದಿನ ಇರುವಾಗ ಅತ್ತಿಗೆ ಅಂಗಡಿಗೆ ಬಂದರು. ಅವರು ಹೊಲಿಗೆ ಕಾರ್ಖಾನೇಲಿ ಕೆಲಸ ಮಾಡೋದು. ನನ್ನ ಪ್ಯಾಡಿನ ಹರಿದ ಪಟ್ಟಿ ಹೊಲಿದು ತಂದಿದ್ದರು. ಅಣ್ಣನ ಕಣ್ಣು ಹೋದ ಮೇಲೆ ಅವರು ನನ್ನ ಮುಖ ಕೂಡ ನೋಡಿರಲಿಲ್ಲ. ಪ್ಯಾಡನ್ನ ಟೈರ್ ರಾಶಿ ಮೇಲೆ ದೊಪ್ಪಂತ ಹಾಕಿದರು.

"ನಿಮ್ಮಣ್ಣ ಡಿಪೋದ ಹಿಂದಿನ ಗೋಡೇಲಿ ಸೀಮೆಸುಣ್ಣದಲ್ಲಿ ಒಂದು ಮುಖ ಬರೆದಿದ್ದಾರೆ," ಅಂದರು. "ದಿನಾ ಊಟದ ಹೊತ್ತಲ್ಲಿ ಅದಕ್ಕೆ ಬಿಲ್ಲೆ ಹೊಡೀತಾರೆ. ಡಬ್ಬಿ ಕೊಡೋಕೆ ಹೋದಾಗ ಕಣ್ಣಾರೆ ನೋಡಿದೆ. ಮೊದಲು ಗೋಡೆಗೂ ತಾಗ್ತಿರಲಿಲ್ಲ. ಈಗ ಹತ್ತಕ್ಕೆ ಎಂಟು ಮೂತಿಗೇ ಬೀಳುತ್ತೆ."

ನನ್ನ ಕೈಯಲ್ಲಿದ್ದ ಸಲಾಕೆ ತಾನಾಗೇ ಕೆಳಗಿಳೀತು.

"ನಿನ್ನ ಮೇಲೆ ಕನಿಕರ ಅಂತ ತಿಳ್ಕೋಬೇಡ. ನಿನ್ನ ಎರಡು ಕಣ್ಣೂ ಹೋಗಲಿ, ನನಗೇನೂ ಆಗಲ್ಲ." ಹೋಗೋಕೆ ತಿರುಗಿದವರು ನಿಂತರು. "ಆದ್ರೆ ಅವರು ನಿನ್ನ ಹಾಗೆ ಆಗೋದು ನನಗೆ ಬೇಡ. ಹೊಡೆದ ಮೇಲೆ ಆ ಮನುಷ್ಯ ನಿದ್ದೆ ಮಾಡ್ತಾರಾ? ನೀನು ಮಾಡ್ತಿದ್ದೀಯಾ? ಬಿದ್ದುಬಿಡು. ಕೊನೇ ನಿಮಿಷದಲ್ಲಿ ಕಾಲು ಸೋತ ಹಾಗೆ ನಟಿಸು. ಪ್ರತಿ ಮ್ಯಾಚಲ್ಲೂ ಬೀಳು, ಸಾಯೋವರೆಗೂ ಬೀಳು."

"ಅವನು ಸದ್ದಲ್ಲೇ ಕಂಡುಹಿಡೀತಾನೆ ಅತ್ತಿಗೆ," ಅಂದೆ. "ಸುಳ್ಳು ಬಿದ್ದರೆ ಇನ್ನೆಂದೂ ನನ್ನ ಜತೆ ಮಾತಾಡಲ್ಲ."

ಅತ್ತಿಗೆ ಸೆರಗಲ್ಲಿ ಮೂಗೊರೆಸ್ಕೊಂಡು, "ಎರಡು ಹಾಳು ಎಮ್ಮೆಗಳು ಒಂದೇ ಮನೇಲಿ," ಅಂತ ಬೈದು ಹೊರಟುಹೋದರು.

ಭಾನುವಾರ ಮಧ್ಯಾಹ್ನ ಮ್ಯಾಚ್. ಸೋತರೆ ನಮ್ಮ ಟೀಮು ಕೆಳಗಿನ ದರ್ಜೆಗೆ ಇಳೀತಿತ್ತು. ಎದುರು ಟೀಮಲ್ಲಿ ಗೂಳಿ ಅಂತ ಒಬ್ಬ ಇದ್ದ. ಬಿಲ್ಲೆಗಿಂತ ಕೀಪರಿಗೆ ಗುರಿ ಇಡೋನು. ಮೊದಲ ಪಾಳೀಲೇ ಬಂದು ಮೊಣಕೈಯನ್ನ ನನ್ನ ಗಂಟಲಿಗೆ ಇಟ್ಟು ಬಲೆಯೊಳಗೆ ದೂಡಿದ. ಬಲೆಯ ಸಮೇತ ಹಿಂದಕ್ಕೆ ಹೋಗಿ ಬೇಲಿಗೆ ಅಪ್ಪಳಿಸಿದೆ. ಉಸಿರು ನಿಂತು, ಕಣ್ಣಿಗೆ ಕತ್ತಲೆ ಕವಿಯಿತು. ನಮ್ಮ ಹುಡುಗರು ಅವನ ಮೇಲೆ ಬಿದ್ದರು. ಗ್ಲೌಸ್ ಹಾರಿದವು, ಒಬ್ಬನ ಹಲ್ಲು ಬಿಳೀ ಐಸ್ ಮೇಲೆ ಬಿಳೀ ಕಲ್ಲಿನ ಹಾಗೆ ಬಿದ್ದಿತ್ತು. ನನ್ನ ಮಣಿಕಟ್ಟು ತುರಿಸ್ತಿತ್ತು. ಕೋಲೆತ್ತಿ ಗೂಳಿಯ ಬುರುಡೆ ಸೀಳೋಕೆ ಎರಡೇ ಹೆಜ್ಜೆ. ಆಗ ಬೇಲಿ ಆಚೆಯಿಂದ ಅಣ್ಣನ ದನಿ ಕೇಳಿಸ್ತು. "ಆ ಸಿಟ್ಟು ಕಾಲಿಗೆ ಉಳಿಸ್ಕೋ!"

ಉಳಿಸ್ಕೊಂಡೆ. ಕಂಬ ತಟ್ಟಿದೆ, ಟಕ್ ಟಕ್.

ಎರಡನೇ ಪಾಳಿ ಮುಗಿಯೋ ಹೊತ್ತಿಗೆ ನಾವು ಎರಡು, ಅವರು ಒಂದು. ಮೂರನೇ ಪಾಳಿ ಶುರುವಾಯ್ತು, ಬಿಲ್ಲೆ ನಮ್ಮ ಕಡೆ ಬಿಟ್ಟು ಹೋಗಲೇ ಇಲ್ಲ. ಎದೆಗೆ, ಭುಜಕ್ಕೆ, ಮಾಸ್ಕಿಗೆ. ಒಂದು ಹೊಡೆತ ಕಾಲರ್ ಮೂಳೆಗೆ ಬಿದ್ದು ಬಲಗೈ ಜೋಮು ಹಿಡೀತು. ಗೂಳಿ ನನ್ನ ಕಾಲ ಹಿಂದೆ ಕೋಲು ತೂರಿಸಿ ಎಳೆದ, ಬಿದ್ದೆ, ಕೈ ಊರದೆ ಎದ್ದೆ. ಮತ್ತೆ ಎಳೆದ, ಮತ್ತೆ ಎದ್ದೆ. ಅವನಿಗೇ ಆಶ್ಚರ್ಯ. "ಸಾಯೋದಿಲ್ವೇನೋ ನೀನು?" ಅಂದ. "ಇವತ್ತು ಇನ್ನೊಂದು ಅಪಾಯಿಂಟ್‌ಮೆಂಟ್ ಇದೆ," ಅಂದೆ. ತೊಡೇಲಿ ಬೆಂಕಿ ಉರೀತಿತ್ತು, ಆದರೆ ಕಾಲು ನನ್ನ ಮಾತು ಕೇಳ್ತಿತ್ತು. ಐದು ನಿಮಿಷ. ಟಕ್ ಟಕ್. ಮೂರು ನಿಮಿಷ. ಟಕ್ ಟಕ್. ಗದ್ದಲದಲ್ಲಿ ಅಣ್ಣನಿಗೆ ಕೇಳಿಸ್ತೋ ಇಲ್ಲವೋ ಅಂತ ಜೋರಾಗಿಯೇ ತಟ್ಟಿದೆ. ಅವನೂ ಕೇಳಿಸ್ಕೊಳ್ಳಲಿ, ಬರಲಿ, ಆಗೋದು ಆಗಲಿ ಅಂತ. ಇಪ್ಪತ್ತು ಸೆಕೆಂಡ್ ಇರುವಾಗ ಗೂಳಿ ಒಬ್ಬನೇ ಬಿಲ್ಲೆ ತಗೊಂಡು ಬಂದ. ಎಡಕ್ಕೆ ತೋರಿಸಿ ಬಲಕ್ಕೆ ಹೊಡೆದ. ನಾನು ಅಷ್ಟರಲ್ಲೇ ಬಲಗಂಬದಲ್ಲಿದ್ದೆ. ಬಿಲ್ಲೆ ಪ್ಯಾಡಿಗೆ ಬಡಿದು ಮೂಲೆಗೆ ಹೋಯ್ತು. ಗೂಳಿ ನಿಲ್ಲೋಕಾಗದೆ ಮುಖ ಅಡಿಯಾಗಿ ಕಂಬಕ್ಕೆ ಗುದ್ದಿದ. ಗಂಟೆ ಹೊಡೀತು. ನಾನು ನಿಂತಿದ್ದೆ.

ಹುಡುಗರು ಬಂದು ತಬ್ಬಿಕೊಂಡರು, ಬೆನ್ನು ಗುದ್ದಿದರು, ಕೂಗ್ತಾ ಒಳಗೆ ಹೋದರು. ನಾನು ಬಲೆ ಮುಂದೇನೇ ಉಳಿದೆ. ಜನ ಖಾಲಿಯಾದರು. ಬೇಲಿಯ ಬಾಗಿಲು ತೆಗೀತು. ಅಣ್ಣ ಸ್ಕೇಟ್ಸ್ ಹಾಕಿದ್ದ. ಕಣ್ಣು ಹೋದ ಮೇಲೆ ಇದೇ ಮೊದಲು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಿಲ್ಲೆ. ಮೇಲಿನ ಸಾಲಲ್ಲಿ ಅತ್ತಿಗೆ ಒಬ್ಬರೇ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

ಅವತ್ತು ನಾನು ನಿಂತು ಹೊಡೆದಿದ್ದ ಜಾಗಕ್ಕೇ ಬಂದು ಬಿಲ್ಲೆ ಕೆಳಗಿಟ್ಟ. "ಎತ್ತು," ಅಂದ.

ಮಾಸ್ಕ್ ಎತ್ತಿದೆ. ಬೆವರು ಬತ್ತಿದ ಮುಖಕ್ಕೆ ಚಳಿ ಹೊಡೀತು. ಕೈ ಕೆಳಗೆ ಬಿಟ್ಟೆ. ಹೆದರಿಕೆ ಆಯ್ತಾ ಅಂದ್ರೆ, ಆಯ್ತಪ್ಪ, ಉಚ್ಚೆ ಹೋಗೋ ಅಷ್ಟು ಆಯ್ತು. ಆದರೂ ಕಣ್ಣು ಮುಚ್ಚಲಿಲ್ಲ. ಮುಚ್ಚೋ ಹಕ್ಕು ನನಗೆಲ್ಲಿದೆ. ಅಣ್ಣನ ಒಂಟಿ ಕಣ್ಣು ನನ್ನ ಮೇಲಿತ್ತು. ಕೋಲು ಹಿಂದಕ್ಕೆ ಹೋಯ್ತು.

ಹೊಡೆದ.

ಆಮೇಲೇನಾಯ್ತು ಅಂತ ನನಗೆ ಗೊತ್ತಾಗಿದ್ದು ಸದ್ದು ಕೇಳಿದ ಮೇಲೆ. ಚರ್ಮದ ಮೇಲೆ ಛಟ್ ಅಂತು. ನನ್ನ ಎಡಗೈ ಮುಖದ ಮುಂದಿತ್ತು. ಗ್ಲೌಸಿನೊಳಗೆ ಬಿಲ್ಲೆ ಇತ್ತು, ಸರಿಯಾಗಿ ಬಲಗಣ್ಣಿನ ಎದುರಿಗೆ, ಒಂದು ಬೆರಳಿನಷ್ಟು ದೂರ. ನಾನು ಎತ್ತಿದ್ದಲ್ಲ. ಆಣೆ ಮಾಡಿ ಹೇಳ್ತೀನಿ, ನಾನು ಎತ್ತಲಿಲ್ಲ. ಹನ್ನೊಂದು ವಾರ ಅವನು ಬಡಿದು ಬಡಿದು ಕಲಿಸಿದ ಕೈ ಅದು, ತಾನಾಗೇ ಎದ್ದಿತ್ತು.

ನನಗೆ ಅಳು ಬಂತು. "ಅಣ್ಣ, ಬೇಕಂತ ಮಾಡಿಲ್ಲ!" ಅಂತ ಬಿಲ್ಲೆ ಅವನ ಕಡೆಗೆ ಎಸೆದೆ. ಗ್ಲೌಸ್ ಕಿತ್ತು ಬಿಸಾಕಿದೆ. "ಇನ್ನೊಂದ್ಸಲ ಹೊಡಿ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ತೀನಿ. ಹೊಡಿ!"

ಅಣ್ಣ ಕೋಲು ಬಿಸಾಕಿ ನೇರ ನನ್ನ ಕಡೆಗೆ ಬಂದ. ಎದೆಯ ಅಂಗಿ ಹಿಡ್ಕೊಂಡ. ಮುಷ್ಟಿ ಬಿಗಿದು ಮುಖದ ನಡುಮಧ್ಯಕ್ಕೆ ಒಂದು ಬಿಟ್ಟ. ಮೂಗಿನ ಮೂಳೆ ಲಟಕ್ಕಂದಿದ್ದು ನನಗೆ ಒಳಗಿಂದ ಕೇಳಿಸ್ತು. ಬಿದ್ದೆ. ಐಸ್ ಮೇಲೆ ರಕ್ತ ತೊಟ್ಟಿಕ್ಕಿತು. ಅಣ್ಣ ನನ್ನ ಮೇಲೆ ನಿಂತಿದ್ದ, ಏದುಸಿರು ಬಿಡ್ತಾ, ಮುಷ್ಟಿ ಇನ್ನೂ ಬಿಗಿದೇ ಇತ್ತು. ನಾನು ಕಾದೆ. ಮತ್ತೆ ಹೊಡೆಯಲಿಲ್ಲ.

"ಏಳು," ಅಂದ.

ಎದ್ದೆ. ಇನ್ನೊಂದು ಏಟಿಗೇ ಅಂತ ಎದ್ದೆ. ಕೈ ಊರದೆ, ಒಂದು ಮಂಡಿ, ಆಮೇಲೆ ಇನ್ನೊಂದು, ರೂಢಿಯಲ್ಲಿ. ಅಣ್ಣ ಅದನ್ನ ನೋಡಿದ. ಅವನ ಮುಷ್ಟಿ ಬಿಚ್ಚಿಕೊಳ್ತು, ತುಟಿ ಅದುರಿತು, ನಗುವೋ ಅಳುವೋ ನನಗೆ ತಿಳೀಲಿಲ್ಲ. ನನ್ನನ್ನ ಪಕ್ಕಕ್ಕೆ ಸರಿಸಿ ಬಲೆಯ ಮೇಲಿನ ಬಾಟಲಿ ತಗೊಂಡ. ಕತ್ತು ಹಿಂದಕ್ಕೆ ಚೆಲ್ಲಿ ಕುಡಿದ. ಅವತ್ತು ಕುಡಿಯೋಕಾಗದೇ ಹೋದವನು, ಈಗ ಎರಡು ಗುಟುಕಲ್ಲ, ಅರ್ಧ ಬಾಟಲಿ ಕುಡಿದ. ಆಮೇಲೆ ಬಾಟಲಿ ನನ್ನ ಎದೆಗೆ ಒತ್ತಿದ.

ಕುಡಿದೆ. ಮೂಗಿನ ರಕ್ತ ಸೇರಿ ಉಪ್ಪುಪ್ಪಾಗಿತ್ತು. ಒಂದು ಹನಿ ಬಿಡದೆ ಕುಡಿದೆ. ಮೇಲೆ ಅತ್ತಿಗೆ ಬಿಕ್ಕಿ ಬಿಕ್ಕಿ ಅಳೋದು ಕೇಳಿಸ್ತಿತ್ತು.

ಅಣ್ಣ ಬಗ್ಗಿ ನನ್ನ ಗ್ಲೌಸ್ ಎತ್ತಿ, ಐಸ್ ಪುಡಿ ಕೊಡವಿ, ಕೈಗೆ ಕೊಟ್ಟ.

"ಎಡಗೈ ತಡ ಆಯ್ತು ಕಣೋ ಚಮಚ," ಅಂದ. "ನಾಳೆ ಆರಕ್ಕೆ ಬಾ."